ಮಾತೇ ಕಸುಬಾದವರ ಕಥೆ

ಕಳೆದ ವರ್ಷ ಆಷಾಢದ ಒಂದು ಸಂಜೆ. ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಬಿಕ್ಕೋಡಿನ ನಮ್ಮ ಮನೆಯ ಜಗುಲಿಗೆ ಪರಿಚಯದ ಗೌಡರೊಬ್ಬರು ಕೊಡೆ ಮಡಿಸಿಕೊಂಡು ಬಂದರು. ಎರಡು ಎಕರೆ ಕಾಫಿ, ನಾಲ್ಕು ಹಸು, ಹತ್ತನೇ ತರಗತಿಯಲ್ಲಿ ಓದುವ ಒಬ್ಬಳೇ ಮಗಳು. ಇಷ್ಟು ಅವರ ಸಂಸಾರ. ತೋಟಕ್ಕೆ ಆನೆ ನುಗ್ಗಿದ ಸುದ್ದಿ ಹೇಳಲು ಬಂದಿರಬೇಕು ಎಂದುಕೊಂಡೆ. ನಮ್ಮ ಕಡೆ ಯಾರಾದರೂ ಸಪ್ಪೆ ಮುಖ ಮಾಡಿಕೊಂಡು ಬಂದರೆ ಮೊದಲು ಹೊಳೆಯುವುದು ಅದೇ.

"ಆನೆ ಅಲ್ಲ ಸಾರ್, ಮಗಳದೇ ತಲೆನೋವು" ಎಂದರು ಗೌಡರು. "ರಾತ್ರಿ ಟೀವಿ ಸೌಂಡ್ ಬಂದ್ ಮಾಡಿ, ಸ್ಟೀಲ್ ಲೋಟ ಬಾಯಿಗೆ ಹಿಡ್ಕೊಂಡು ಕಬಡ್ಡಿಗೆ ಇವಳೇ ಕಾಮೆಂಟ್ರಿ ಹೇಳ್ತಾಳೆ. ಮುಂದೆ ಏನ್ ಓದ್ತೀಯವ್ವ ಅಂದ್ರೆ, ಮೈಕ್ ಹಿಡಿಯೋ ಕೆಲ್ಸ ಅಂತಾಳೆ. ಸಯನ್ಸ್ ತಗೊಳ್ಳೋಕೆ ನೀವಾದ್ರೂ ಬುದ್ಧಿ ಹೇಳಿ. ನಿಮ್ಮ ಮಾತು ಕೇಳ್ತಾಳೆ."

ಬುದ್ಧಿ ಹೇಳುವುದು ಮೇಷ್ಟ್ರ ಕಸುಬು. ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಆದರೆ ಆ ಸಂಜೆ ನನಗೆ ತಕ್ಷಣ ಬಾಯಿ ಬರಲಿಲ್ಲ. "ಎರಡು ದಿನ ಬಿಟ್ಟು ಹೇಳ್ತೀನಿ ಗೌಡ್ರೆ" ಎಂದು ಕಾಫಿ ಕುಡಿಸಿ ಕಳಿಸಿದೆ. ಯಾಕೆಂದರೆ ಇಂಥದೇ ಒಂದು ಮಗುವಿಗೆ ಹಿಂದೊಮ್ಮೆ ನಾನು ಬುದ್ಧಿ ಹೇಳಿದ್ದೆ. ಅದರ ಕಹಿ ಇನ್ನೂ ನಾಲಿಗೆಯ ಮೇಲಿತ್ತು.

ಅದಕ್ಕಿಂತ ಮುಂಚೆ ನನ್ನದೇ ಕಥೆಯನ್ನು ಸ್ವಲ್ಪ ಹೇಳಬೇಕು.

1987ರ ಮಾರ್ಚ್. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ-ಪಾಕಿಸ್ತಾನ ಟೆಸ್ಟ್. ಕಣದಲ್ಲಿ ಕಾಫಿ ಒಣಹಾಕಿ, ಪಕ್ಕದಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕೂತಿದ್ದೆವು. ಆಕಾಶವಾಣಿಯ ವಿವರಣೆ ಸ್ವಲ್ಪ ಹೊತ್ತು ಇಂಗ್ಲಿಷಿನಲ್ಲಿ, ಸ್ವಲ್ಪ ಹೊತ್ತು ಹಿಂದಿಯಲ್ಲಿ. ನಮ್ಮಪ್ಪನಿಗೆ ಎರಡೂ ಬಾರದು. ಕಣ ಕೆದಕುತ್ತಲೇ "ಏನಂತೋ?" ಎನ್ನುವರು. ನಾನು ಅರ್ಥವಾದಷ್ಟನ್ನು ಕನ್ನಡಕ್ಕೆ ತಿರುಗಿಸಿ, ಅರ್ಥವಾಗದ್ದಕ್ಕೆ ನನ್ನದೇ ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ. ಗಾವಸ್ಕರ್ 96ಕ್ಕೆ ಔಟಾದಾಗ ಅಪ್ಪ ಕೈಯಲ್ಲಿದ್ದ ಹಲುಬೆ ಕೆಳಗಿಟ್ಟು ಕೂತುಬಿಟ್ಟರು. ಭಾರತ 16 ರನ್ನಿನಿಂದ ಸೋತಿತು. ಕ್ರೀಡಾಂಗಣವನ್ನೇ ಕಾಣದ ಒಬ್ಬ ರೈತ, ಕ್ರೀಡಾಂಗಣವನ್ನೇ ಕಾಣದ ಮಗನ ಬಾಯಿಂದ ಕೇಳಿ ಅಷ್ಟು ನೊಂದುಕೊಂಡದ್ದು ನನಗೆ ಇವತ್ತಿಗೂ ಆಶ್ಚರ್ಯ. ಕುರುಡ ದೊರೆಗೆ ಸಂಜಯ ಯುದ್ಧ ಹೇಳಿದ ಕಥೆ ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಆ ಮಾರ್ಚಿನಲ್ಲಿ ನಮ್ಮ ಕಣದ ಸಂಜಯ ನಾನೇ ಆಗಿದ್ದೆ.

ಇಷ್ಟು ಸುಖ ಉಂಡವನು ಮುಂದೆ ಮಾಡಿದ್ದೇನು, ಕೇಳಿ.

2003ರ ಫೆಬ್ರವರಿ. ದಕ್ಷಿಣ ಆಫ್ರಿಕದಲ್ಲಿ ವಿಶ್ವಕಪ್ ನಡೆಯುತ್ತಿತ್ತು. ನಮ್ಮ ಜಾವಗಲ್ ಶ್ರೀನಾಥ್ ಆಡಿದ ಕೊನೆಯ ವಿಶ್ವಕಪ್ ಅದು. ಅರಸೀಕೆರೆ ತಾಲೂಕಿನ ಊರಿನ ಹೆಸರು ಹೊತ್ತವನು ಚೆಂಡೆಸೆಯಲು ಓಡಿ ಬರುವಾಗ ನಮ್ಮ ಜಿಲ್ಲೆಯವರಿಗೆಲ್ಲ ಮೈಮೇಲೆ ಮುಳ್ಳೇಳುತ್ತಿತ್ತು. ಆಟದ ಹಿಂದೆಮುಂದೆ, ಆಟದ ನಡುವಿನ ಬಿಡುವಿನಲ್ಲಿ, ಸೆಟ್ ಮ್ಯಾಕ್ಸ್ ವಾಹಿನಿಯಲ್ಲಿ 'ಎಕ್ಸ್‌ಟ್ರಾ ಇನಿಂಗ್ಸ್' ಎಂಬ ಕಾರ್ಯಕ್ರಮ ಬರುತ್ತಿತ್ತು. ಅದರಲ್ಲಿ ಮಂದಿರಾ ಬೇಡಿಯವರ ಜೊತೆ ಕುಳಿತು, ದೊಡ್ಡ ದೊಡ್ಡ ಮಾಜಿ ಆಟಗಾರರನ್ನು ನಗುನಗುತ್ತ ಮಾತಿಗೆಳೆಯುತ್ತಿದ್ದವರು ಚಾರು ಶರ್ಮಾ. ಕೋಟು ತೊಟ್ಟು, ಗಡಿಬಿಡಿಯಿಲ್ಲದೆ, ಒಂದೊಂದು ಪದವನ್ನೂ ಬಿಡಿಸಿ ಆಡುವ ಮನುಷ್ಯ.

ನನ್ನ ಒಂಬತ್ತನೇ ತರಗತಿಯ ಒಬ್ಬ ಹುಡುಗನಿಗೆ ಈ ಚಾರು ಶರ್ಮಾ ಹುಚ್ಚು ಹಿಡಿಯಿತು. ಪ್ರಯೋಗಾಲಯದಲ್ಲಿ ನಾನು ಆಮ್ಲ-ಪ್ರತ್ಯಾಮ್ಲ ತೋರಿಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಅವನು ಪ್ರನಾಳ ಹಿಡಿಯುವ ಇಕ್ಕಳವನ್ನು ಮೈಕಿನಂತೆ ಬಾಯಿಗೆ ಹಿಡಿದು, "ನಮಸ್ಕಾರ, ನಾನು ಚಾರು ಶರ್ಮಾ. ಮೇಷ್ಟ್ರು ಈಗ ನಿಧಾನವಾಗಿ ಆಸಿಡ್ ಸುರಿಯುತ್ತಿದ್ದಾರೆ. ಲಿಟ್ಮಸ್ ಕೆಂಪಾಗುವುದೇ? ಇಡೀ ಕ್ರೀಡಾಂಗಣ ಉಸಿರು ಬಿಗಿಹಿಡಿದಿದೆ" ಎನ್ನುತ್ತಿದ್ದ. ಈಗ ನೆನೆದರೆ ನಗು ಬರುತ್ತದೆ. ಆಗ ಸಿಟ್ಟು ಬಂತು. ಅವನನ್ನು ಮುಂದೆ ಕರೆದು ನಿಲ್ಲಿಸಿ, "ಬಾಯಿ ಬಡಾಯಿ ಅನ್ನ ಹಾಕುತ್ತದೇನೋ? ಸಂತೆಯಲ್ಲಿ ಈರುಳ್ಳಿ ಕೂಗೋಕೆ ಹೋಗು, ನಿನಗೆ ಅದೇ ಸರಿ" ಎಂದೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ಇಕ್ಕಳವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹೋಗಿ ಕುಳಿತ. ಆಮೇಲೆ ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವವರೆಗೂ ಅವನು ನನ್ನ ತರಗತಿಯಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಿದ್ದು ಬಿಟ್ಟರೆ ಇನ್ನೊಂದು ಮಾತಾಡಲಿಲ್ಲ. ಶಿಸ್ತು ಬಂತು ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ!

ಗೌಡರು ಬಂದುಹೋದ ರಾತ್ರಿ ಆ ಹುಡುಗನೂ ಚಾರು ಶರ್ಮಾ ಅವರೂ ಒಟ್ಟಿಗೇ ನೆನಪಾದರು. ಬಾಯಿ ಬಡಾಯಿ ನಿಜವಾಗಿಯೂ ಅನ್ನ ಹಾಕುತ್ತದೆಯೇ? ಇಪ್ಪತ್ತು ವರ್ಷದ ಹಿಂದೆ ಯೋಚಿಸದೆ ಆಡಿದ ಮಾತನ್ನು ಈಗಲಾದರೂ ಯೋಚಿಸಿ ನೋಡೋಣ ಎಂದುಕೊಂಡೆ.

ಚಾರು ಶರ್ಮಾ ಕರ್ನಾಟಕದವರಲ್ಲ, ಆದರೆ ಬೆಂಗಳೂರನ್ನೇ ಮನೆ ಮಾಡಿಕೊಂಡವರು. ಭಾರತದ ಪರವಾಗಿ ಕ್ರಿಕೆಟ್ ಆಡಿದವರಲ್ಲ. ಕ್ರಿಕೆಟ್ ಒಂದನ್ನೇ ನಂಬಿ ಕೂತವರೂ ಅಲ್ಲ. ಬೇರೆ ಬೇರೆ ಆಟಗಳಿಗೆ ಮೈಕ್ ಹಿಡಿದವರು. 2008ರಲ್ಲಿ ಐಪಿಎಲ್ ಶುರುವಾದಾಗ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡಕ್ಕೆ ಅವರೇ ಮೊದಲ ಮುಖ್ಯ ಕಾರ್ಯನಿರ್ವಾಹಕ. ಮಾತಿನ ಮನುಷ್ಯನಿಗೆ ದೊಡ್ಡ ಕುರ್ಚಿ ಸಿಕ್ಕಿತು. ಆದರೆ ತಂಡ ಒಂದರ ಮೇಲೊಂದು ಪಂದ್ಯ ಸೋತಿತು. ಪಂದ್ಯಾವಳಿ ಮುಗಿಯುವ ಮೊದಲೇ ಕುರ್ಚಿ ಹೋಯಿತು. ಅವರ ಜಾಗಕ್ಕೆ ಬಂದವರು ನಮ್ಮ ಕರ್ನಾಟಕದ ಹಳೆಯ ಬ್ಯಾಟ್ಸ್‌ಮನ್ ಬ್ರಿಜೇಶ್ ಪಟೇಲ್. ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಊರೆಲ್ಲ ನೋಡುತ್ತಿರುವಾಗ ಕೆಲಸ ಕಳೆದುಕೊಳ್ಳುವುದು ಎಂಥವರಿಗೂ ಸುಲಭದ ಪೆಟ್ಟಲ್ಲ.

ಆ ಪೆಟ್ಟು ತಿಂದವರು ಸುಮ್ಮನೆ ಕೂರಲಿಲ್ಲ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಜನ ಮುಗಿಬಿದ್ದಿದ್ದರು. ನಮ್ಮ ಹಳ್ಳಿಯ ಆಟಕ್ಕೆ ಟೀವಿಯಲ್ಲಿ ಜಾಗವುಂಟು ಎಂಬ ಯೋಚನೆಗೆ ಅದೇ ಬೀಜ. ಉದ್ಯಮಿ ಆನಂದ್ ಮಹೀಂದ್ರ ಅವರ ಜೊತೆ ಸೇರಿ ಚಾರು ಶರ್ಮಾ ಕಟ್ಟಿದ ಪ್ರೊ ಕಬಡ್ಡಿ ಲೀಗ್ 2014ರ ಜುಲೈ 26ರಂದು ಮುಂಬಯಿಯಲ್ಲಿ ಶುರುವಾಯಿತು. ಮಣ್ಣಿನ ಅಂಕಣ ಹೋಗಿ ಮ್ಯಾಟ್ ಬಂತು, ಮೂವತ್ತು ಸೆಕೆಂಡಿನ ರೈಡಿನ ಗಡಿಯಾರ ಪರದೆಯ ಮೇಲೆ ಬಂತು. ಗೌಡರ ಮಗಳು ಸ್ಟೀಲ್ ಲೋಟ ಹಿಡಿದು ಕೂಗುವ ಆಟ ಅವಳ ಮನೆಯ ಟೀವಿಗೆ ಬಂದದ್ದು ಹೀಗೆ, ಒಬ್ಬ ಮೈಕಿನ ಮನುಷ್ಯನ ಹಟದಿಂದ ಎಂಬುದು ಆ ರಾತ್ರಿಯಷ್ಟೇ ನನಗೆ ಹೊಳೆಯಿತು.

ಇನ್ನು 2022ರ ಫೆಬ್ರವರಿ 12ರ ಕಥೆ. ಬೆಂಗಳೂರಿನ ಹೋಟೆಲೊಂದರಲ್ಲಿ ಐಪಿಎಲ್ ಆಟಗಾರರ ಹರಾಜು. ಕೂಗುತ್ತಿದ್ದವರು ಬ್ರಿಟನ್ನಿನ ಹ್ಯೂ ಎಡ್ಮೀಡ್ಸ್. ಶ್ರೀಲಂಕಾದ ಹಸರಂಗ ಅವರ ಬೆಲೆ 10.75 ಕೋಟಿಗೆ ಏರಿದ ಹೊತ್ತಿನಲ್ಲಿ, ನಿಂತಿದ್ದ ಮನುಷ್ಯ ಇದ್ದಕ್ಕಿದ್ದಂತೆ ವೇದಿಕೆಯಿಂದ ಕೆಳಗೆ ಕುಸಿದರು. ಲಕ್ಷಾಂತರ ಮಂದಿ ನೇರಪ್ರಸಾರದಲ್ಲಿ ನೋಡಿ ಗಾಬರಿಯಾದರು. ಆಗಿದ್ದು ರಕ್ತದೊತ್ತಡದ ಇಳಿತ. ಬಹಳ ಹೊತ್ತು ನಿಂತಾಗ ರಕ್ತ ಕಾಲುಗಳ ಕಡೆಗೆ ಇಳಿದು, ಮೆದುಳಿಗೆ ಹೋಗುವುದು ಕಡಿಮೆಯಾಗಿ ತಲೆ ತಿರುಗುತ್ತದೆ. ಬೆಳಗಿನ ಪ್ರಾರ್ಥನೆಯ ಬಿಸಿಲಿನಲ್ಲಿ ವರ್ಷಕ್ಕೆ ಒಂದಿಬ್ಬರು ಮಕ್ಕಳು ಬೀಳುವುದೂ ಹೆಚ್ಚುಕಡಿಮೆ ಇದರಿಂದಲೇ. ಮಲಗಿಸಿ ಕಾಲು ಎತ್ತರಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎಡ್ಮೀಡ್ಸರೂ ಚೇತರಿಸಿಕೊಂಡರು. ಆದರೆ ಹರಾಜು ನಿಲ್ಲುವಂತಿಲ್ಲ. ಕೋಟಿಗಟ್ಟಲೆ ದುಡ್ಡು, ಹತ್ತು ತಂಡಗಳು, ಉರಿಯುತ್ತಿರುವ ಕ್ಯಾಮೆರಾ ದೀಪಗಳು. ಕೂಗುವವರು ಯಾರು?

ಮನೆಯಲ್ಲಿದ್ದ ಚಾರು ಶರ್ಮಾ ಅವರಿಗೆ ಫೋನು ಹೋಯಿತು. ಮಾಡಿದವರು ಆಗ ಐಪಿಎಲ್ ಅಧ್ಯಕ್ಷರಾಗಿದ್ದ ಬ್ರಿಜೇಶ್ ಪಟೇಲ್! ಹದಿನಾಲ್ಕು ವರ್ಷದ ಹಿಂದೆ ತಾವು ಬಿಟ್ಟುಬಂದ ಕುರ್ಚಿಯಲ್ಲಿ ಕೂತವರೇ ಈಗ ಕರೆಯುತ್ತಿದ್ದಾರೆ. ಹಳೆಯದನ್ನು ಎಣಿಸುವ ಮನುಷ್ಯನಾಗಿದ್ದರೆ ಜ್ವರ ಎನ್ನಬಹುದಿತ್ತು. ಇವರು ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಪೂರ್ವಸಿದ್ಧತೆ ಇಲ್ಲ, ಪಟ್ಟಿ ಓದಿಲ್ಲ. ಊಟದ ಬಿಡುವು ಮುಗಿಯುವಷ್ಟರಲ್ಲಿ ವೇದಿಕೆಯ ಮೇಲೆ ನಿಂತು, ನಿಂತಲ್ಲಿಂದಲೇ ಹರಾಜು ಮುಂದುವರಿಸಿದರು. ಮಾರನೆಯ ದಿನವೂ ಅವರೇ ನಡೆಸಿದರು. ಕೊನೆಗೆ ಎಡ್ಮೀಡ್ಸ್ ಮರಳಿ ಬಂದಾಗ ಸುತ್ತಿಗೆಯನ್ನು ಅವರ ಕೈಗೇ ಕೊಟ್ಟು ಪಕ್ಕಕ್ಕೆ ಸರಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಹರಾಜು ಕೂಗಿದರು ಎಂದರೇನು? ಈರುಳ್ಳಿ ಕೂಗಿದ ಹಾಗೆಯೇ ಅಲ್ಲವೇ! ನಾನು ಹೀಯಾಳಿಸಿದ ಕೆಲಸ ಅಂದು ಒಂದು ದೊಡ್ಡ ಸಭೆಯ ಮಾನ ಉಳಿಸಿತು. ಹದಿನೈದು ನಿಮಿಷದ ಕರೆಗೆ ಒಬ್ಬ ಮನುಷ್ಯ ಸಿದ್ಧನಿದ್ದ ಎಂದರೆ, ಅದರ ಹಿಂದೆ ಹತ್ತಾರು ವರ್ಷ ಮೈಕಿನ ಮುಂದೆ ನಿಂತ ಸಾಧನೆ ಇತ್ತು ಎಂದೇ ಅರ್ಥ.

ಈ ಕಸುಬಿನಲ್ಲಿ ಕಲಿಯಬೇಕಾದ್ದು ಬಹಳ. ರೇಡಿಯೋದಲ್ಲಿ ಹೇಳುವವನು ಕಾಣದವರಿಗೆ ಕಣ್ಣಾಗಬೇಕು. ಸುಮ್ಮನಾದರೆ ಆಟವೇ ನಿಂತಂತೆ. ಟೀವಿಯಲ್ಲಿ ಅದು ತಿರುಗುಮುರುಗು. ಎಲ್ಲರಿಗೂ ಕಾಣುತ್ತಿರುವುದನ್ನು ಮತ್ತೆ ಹೇಳಿದರೆ ಅದು ದಂಡದ ಮಾತು. ಯಾಕೆ ಹೀಗಾಯಿತು, ಮುಂದೇನಾದೀತು ಎಂಬುದನ್ನಷ್ಟೇ ಹೇಳಿ, ಉಳಿದ ಹೊತ್ತು ಚಿತ್ರಕ್ಕೆ ಬಿಡಬೇಕು. ಆಸ್ಟ್ರೇಲಿಯದ ರಿಚೀ ಬೆನೊ ಟೀವಿಯ ದೊಡ್ಡ ವಿವರಣೆಗಾರ ಎನಿಸಿಕೊಂಡದ್ದು ಮಾತಿನಷ್ಟೇ ಮೌನದಿಂದ. ಇದರ ಜೊತೆಗೆ ಕಿವಿಯಲ್ಲಿ ಒಂದು ಗುಂಡಿ. ಅದರಲ್ಲಿ ನಿರ್ದೇಶಕ 'ಹತ್ತು ಸೆಕೆಂಡು, ಜಾಹೀರಾತು' ಎಂದು ಎಣಿಸುತ್ತಿರುತ್ತಾನೆ. ಕಿವಿಯಲ್ಲಿ ಒಬ್ಬರ ಮಾತು ಕೇಳುತ್ತ, ಬಾಯಲ್ಲಿ ಬೇರೆ ಮಾತಾಡುತ್ತ, ಎಣಿಕೆ ಸೊನ್ನೆಗೆ ಬರುವಾಗ ವಾಕ್ಯ ಮುಗಿಸಬೇಕು. ಮಕ್ಕಳೇ, ಒಮ್ಮೆ ಮನೆಯಲ್ಲಿ ಪ್ರಯತ್ನಿಸಿ. ಗೆಳೆಯ ಕಿವಿಯಲ್ಲಿ ಹದಿನೇಳರ ಮಗ್ಗಿ ಹೇಳುತ್ತಿರಲಿ, ನೀವು ನಿನ್ನೆಯ ಪಂದ್ಯ ವಿವರಿಸಿ. ಆಗ ಗೊತ್ತಾಗುತ್ತದೆ.

ಇನ್ನೊಂದು ತಮಾಷೆ ಕೇಳಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ರೇಡಿಯೋ ಅಲೆ ಹೋಗುವುದು ಮೂರು ಲಕ್ಷ ಕಿಲೋಮೀಟರ್. ವಿಕೆಟ್ಟಿನ ಹತ್ತಿರ ಮೈಕ್ ಇಟ್ಟಿದ್ದರೆ, ಬ್ಯಾಟಿನ ಸದ್ದು ಬೌಂಡರಿಯ ಬಳಿ ಕೂತವನನ್ನು ಮುಟ್ಟಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರದ ಬಿಕ್ಕೋಡಿಗೆ ರೇಡಿಯೋ ಅಲೆ ಬರಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ! ಅಂದರೆ 1987ರಲ್ಲಿ ನಮ್ಮ ಕಣಕ್ಕೆ ಸುದ್ದಿ ಬರಲು ದಾರಿಯಲ್ಲಿ ಹಿಡಿದ ಹೊತ್ತು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ. ಈಗ ಉಪಗ್ರಹ ಸುಮಾರು 36,000 ಕಿಲೋಮೀಟರ್ ಮೇಲಿದೆ. ಅಲ್ಲಿಗೆ ಹೋಗಿ ಬರಲು ಕಾಲು ಸೆಕೆಂಡು. ಚಿತ್ರವನ್ನು ಅಂಕಿಗಳಾಗಿ ಮಡಿಸಿ ಬಿಚ್ಚಲು ಮತ್ತಷ್ಟು ಸೆಕೆಂಡು. ಮೊಬೈಲಿಗೆ ಇನ್ನೂ ತಡ. ಪಕ್ಕದ ಮನೆಯವರು 'ಹೋ' ಎಂದ ಮೇಲೆ ನಿಮ್ಮ ಮೊಬೈಲಿನಲ್ಲಿ ವಿಕೆಟ್ ಬೀಳುವುದು ಇದಕ್ಕೇ.

ನಮ್ಮಪ್ಪ ಬದುಕಿದ್ದರೆ ಒಂದು ಸಂತೋಷ ಪಡುತ್ತಿದ್ದರು. 2018ರಲ್ಲಿ ಐಪಿಎಲ್ ಸುವರ್ಣ ಪ್ಲಸ್ ವಾಹಿನಿಯಲ್ಲಿ ಕನ್ನಡದಲ್ಲೇ ಬಂತು. ಆ ವರ್ಷದ ಕೊನೆಗೆ ಕನ್ನಡಕ್ಕೇ ಬೇರೆ ಕ್ರೀಡಾ ವಾಹಿನಿಯೂ ಆಯಿತು. 1999ರ ರಣಜಿ ಫೈನಲಿನ ಕೊನೆಯ ದಿನ ಆರು ವಿಕೆಟ್ ಕಿತ್ತು ಕರ್ನಾಟಕವನ್ನು ಗೆಲ್ಲಿಸಿದ ವಿಜಯ್ ಭಾರದ್ವಾಜ್ ಅಂಥವರು ಕನ್ನಡದಲ್ಲಿ ಆಟ ಬಿಡಿಸಿ ಹೇಳತೊಡಗಿದರು. ಕಣದಲ್ಲಿ ಕೂತವರು ಈಗ 'ಏನಂತೋ?' ಎಂದು ಮಗನನ್ನು ಕೇಳಬೇಕಿಲ್ಲ. ಇಂಗ್ಲಿಷ್ ಬಾರದ ಮಗುವಿಗೂ ಮೈಕಿನ ಕನಸು ಕಾಣುವ ಹಕ್ಕು ಬಂದದ್ದು ಆಗಲೇ.

ಆದರೆ ಕನಸು ಬೇರೆ, ಗೌಡರ ಚಿಂತೆ ಬೇರೆ. ಅದೂ ಸುಳ್ಳಲ್ಲ. ಟೀವಿಯಲ್ಲಿ ಮೈಕುಗಳು ಬೆರಳೆಣಿಕೆಯಷ್ಟು. ಅವೂ ಮೊದಲು ಸಿಗುವುದು ಆಡಿ ಹೆಸರಾದವರಿಗೆ. ಪಿಂಚಣಿ ಇಲ್ಲ; ಕರೆದರೆ ಕೆಲಸ, ಕರೆಯದಿದ್ದರೆ ಮನೆ. 2016ರ ಐಪಿಎಲ್ ಶುರುವಾಗುವ ಹೊತ್ತಿಗೆ ಹರ್ಷ ಭೋಗ್ಲೆಯವರಂಥ ಹೆಸರಾಂತರನ್ನೇ ವಿವರಣೆಗಾರರ ಪಟ್ಟಿಯಿಂದ ಕೈಬಿಟ್ಟಿದ್ದರು. ಆಡದೆ ಮೇಲೆ ಬಂದವರ ಹಿಂದೆ ಓದಿನ ಆಸರೆ ಇತ್ತೆಂಬುದನ್ನೂ ಮರೆಯಬಾರದು. ಹರ್ಷ ಭೋಗ್ಲೆ ಹೈದರಾಬಾದಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಅಹಮದಾಬಾದಿನ ಐಐಎಂನಲ್ಲಿ ಕಲಿತವರು. ದೂರದರ್ಶನದ ಕಾಲದ ನರೋತ್ತಮ್ ಪುರಿ ಕಿವಿ-ಮೂಗು-ಗಂಟಲಿನ ಡಾಕ್ಟರು. ಅವರು ಗಂಟಲನ್ನು ಎರಡು ರೀತಿ ದುಡಿಸಿದರು ಅನ್ನಿ!

ಎರಡು ದಿನ ಬಿಟ್ಟು ಗೌಡರ ಮನೆಗೆ ಹೋದೆ. ಮಗಳನ್ನೂ ಕೂರಿಸಿಕೊಂಡು ಇದನ್ನೆಲ್ಲ ಹೇಳಿದೆ. "ನೋಡವ್ವ, ಓದು ಬಿಟ್ಟು ಮೈಕ್ ಹಿಡಿಯೋದು ಬೇಡ. ಮೈಕ್ ಬಿಟ್ಟು ಓದು ಅಂತಲೂ ನಾನು ಹೇಳಲ್ಲ. ಶ್ರಾವಣದಲ್ಲಿ ಹೋಬಳಿ ಮಟ್ಟದ ಕ್ರೀಡಾಕೂಟ ಇದೆ. ಕಬಡ್ಡಿಗೆ ನೀನೇ ಮಾತಾಡು. ಲೋಟ ಮನೇಲಿ ಇಡು" ಎಂದೆ. ಹುಡುಗಿ ಅಪ್ಪನ ಮುಖ ನೋಡಿದಳು. ಗೌಡರು ನನ್ನ ಮುಖ ನೋಡಿದರು. ಬೇಡ ಎನ್ನಲಿಲ್ಲ.

ಅವಳಿಗೆ ಹೇಳಿಕೊಡುವವರು ಬೇಕಲ್ಲ. ಆಗ ಹಳೆಯ ಹುಡುಗನನ್ನು ಹುಡುಕಿಕೊಂಡು ಬೇಲೂರಿಗೆ ಹೋದೆ. ಅವನು ಅಲ್ಲಿ ಕಾಫಿ-ಮೆಣಸಿನ ವ್ಯಾಪಾರ ಮಾಡುತ್ತಾನೆಂದು ಗೊತ್ತಿತ್ತು. ಭಾನುವಾರ ಸುತ್ತಲಿನ ಊರುಗಳ ಟೆನಿಸ್ ಬಾಲ್ ಪಂದ್ಯಗಳಲ್ಲಿ ಮೈಕ್ ಹಿಡಿಯುತ್ತಾನೆಂದೂ ಕೇಳಿದ್ದೆ. ಒಂದು ದಿನಕ್ಕೆ ಇಷ್ಟು ಎಂದು ಗೊತ್ತುಮಾಡಿಕೊಂಡೇ ಹೋಗುತ್ತಾನಂತೆ. ಅಂಗಡಿಯಲ್ಲಿ ನನ್ನನ್ನು ನೋಡಿದವನೇ ಎದ್ದು ಕುರ್ಚಿ ಒರೆಸಿದ. ಬಂದ ವಿಷಯ ಹೇಳಿ, ಹಾಗೆಯೇ ಎರಡು ದಶಕದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದನ್ನೂ ಹೇಳಿದೆ. "ಅವತ್ತು ನಾನು ಹಾಗೆ ಬೈಬಾರದಿತ್ತು ಕಣಯ್ಯ."

ಅವನು ತಕ್ಕಡಿಯ ಕಡೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀವೇನು ಬೈದ್ರಿ ಅನ್ನೋದೇ ಮರೆತುಹೋಗಿದೆ ಸಾರ್. ಆದ್ರೆ ಇಡೀ ಕ್ಲಾಸು ನಕ್ಕಿದ್ದು ಮಾತ್ರ ಇನ್ನೂ ಕೇಳಿಸುತ್ತೆ" ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಶಬ್ದ ಗಾಳಿಯಲ್ಲಿ ಎಷ್ಟು ವೇಗವಾಗಿ ಹೋಗುತ್ತದೆಂದು ಮೂವತ್ತು ವರ್ಷ ಕಲಿಸಿದ್ದೇನೆ. ಒಂದು ಮಗುವಿನ ಒಳಗೆ ಎಷ್ಟು ಕಾಲ ಉಳಿಯುತ್ತದೆಂದು ನನಗೆ ಯಾವ ಬಿ.ಎಡ್. ಪುಸ್ತಕವೂ ಹೇಳಿರಲಿಲ್ಲ.

ಕ್ರೀಡಾಕೂಟದ ದಿನ ಮಳೆ ಬಿಡುವು ಕೊಟ್ಟಿತು. ಅವನು ಅಂಗಡಿ ಮುಚ್ಚಿ ಬಂದಿದ್ದ. ಮೈಕನ್ನು ಬಾಯಿಂದ ಎಷ್ಟು ದೂರ ಹಿಡಿಯಬೇಕು, 'ಪ' 'ಬ' ಅಕ್ಷರಗಳಿಗೆ ಉಸಿರು ಮೈಕಿಗೆ ಬಡಿಯದಂತೆ ಹೇಗೆ ಓರೆ ಮಾಡಬೇಕು ಎಂದೆಲ್ಲ ಹುಡುಗಿಗೆ ತೋರಿಸಿದ. ಮೊದಲ ಪಂದ್ಯದಲ್ಲಿ ಅವಳು ಉಸಿರಾಡಲೂ ಬಿಡುವಿಲ್ಲದಂತೆ ಮಾತಾಡಿದಳು. ಒಮ್ಮೆ ಅಂಕ ತಪ್ಪು ಹೇಳಿದಳು, ಎದುರು ಶಾಲೆಯವರು ಕೂಗಿದರು, ಮುಖ ಕೆಂಪಾಯಿತು. ಇವನು ಹಿಂದಿನಿಂದ ಮೆಲ್ಲಗೆ, "ತಪ್ಪಾಯ್ತು ಅಂತ ಮೈಕಲ್ಲೇ ಹೇಳಿ ಮುಂದಕ್ಕೆ ಹೋಗವ್ವ" ಎಂದ. ಹೇಳಿದಳು. ಯಾರೂ ನಗಲಿಲ್ಲ.

ಕೊನೆಯ ಪಂದ್ಯದ ಕೊನೆಯ ರೈಡಿನಲ್ಲಿ ಎರಡೂ ಕಡೆ ಅಂಕ ಸಮ. ಹುಡುಗಿ ಮೈಕನ್ನು ಎದೆಯ ಹತ್ತಿರ ಇಳಿಸಿ ಸುಮ್ಮನೆ ನಿಂತುಬಿಟ್ಟಳು. ಮೈದಾನದಲ್ಲಿ 'ಕಬಡ್ಡಿ ಕಬಡ್ಡಿ' ಎಂಬ ಒಂದೇ ಉಸಿರು ಕೇಳುತ್ತಿತ್ತು. ಆಟ ಮುಗಿದ ಮೇಲೆ ಗೆದ್ದವರ ಹೆಸರು ಹೇಳಿದಳು, ಅಷ್ಟೇ.

ಬೇಲಿಯ ಬಳಿ ಕೊಡೆ ಊರಿ ನಿಂತಿದ್ದ ಗೌಡರು ನನ್ನ ಹತ್ತಿರ ಬಂದು, "ಸಾರ್, ಅವಳು ಸುಮ್ನಿದ್ದಾಗ್ಲೇ ಚೆನ್ನಾಗಿತ್ತು" ಎಂದರು. ತಂದೆ ದೂರಿದರೋ ಹೊಗಳಿದರೋ ತಿಳಿಯದೆ ಅವರ ಮುಖ ನೋಡಿದೆ. ನಗುತ್ತಿದ್ದರು.

ಈಗ ಆ ಹುಡುಗಿ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಮುಂದೆ ಏನಾಗುತ್ತಾಳೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಗೊತ್ತಿರಬೇಕಾದ ವಯಸ್ಸೂ ಅಲ್ಲ. ಆದರೆ ನನ್ನ ಪ್ರಯೋಗಾಲಯದಲ್ಲಿ ಈಗ ಯಾರಾದರೂ ಇಕ್ಕಳ ಬಾಯಿಗೆ ಹಿಡಿದರೆ, ಆಮ್ಲದ ಬಾಟಲಿಯ ಮುಚ್ಚಳ ಹಾಕಿ ಬದಿಗಿಟ್ಟು, ಎರಡು ನಿಮಿಷ ಕೇಳುತ್ತೇನೆ.